ಡೇರೆ (ಡೇಲಿಯಾ) ಗಡ್ಡೆ ಕೊಳೆತಿಲ್ಲ, ಆದರೂ ಯಾಕೆ ಚಿಗುರುತ್ತಿಲ್ಲ?

ಗೊಬ್ಬರ ಹಾಕಬೇಡಿ, ದಂಡ. ಗೆಳತಿ ಕೊಟ್ಟ ಡೇರೆ ಗಡ್ಡೆ ಬಿಡಿಸಿ ಎಂಟು ಕುಂಡಕ್ಕೆ ನೆಟ್ಟೆ, ಎರಡು ತಿಂಗಳಾದರೂ ಚಿಗುರಿಲ್ಲ ಅಂದಿದ್ದೀರಲ್ಲ, ಅದು ನನ್ನದೇ ಕಥೆ.

ಮದುವೆಯಾಗಿ ಸಾಗರದ ಕಡೆ ಬಂದ ಮೊದಲ ವರ್ಷ. ಚೌತಿ ಹೊತ್ತಿಗೆ ಇಲ್ಲಿ ಅಂಗಳದ ತುಂಬ ಡೇರೆ ಇರಬೇಕು. ಅತ್ತೆಯ ಹತ್ತಿರ ತವರಿನಿಂದ ತಂದ ಒಂದು ಕಡುಗೆಂಪು ಜಾತಿ ಇತ್ತು, ಅಂಗೈಗಿಂತ ಅಗಲದ ಹೂವು. ಅವರು ಮಗಳ ಬಾಣಂತನಕ್ಕೆ ಹೋಗಿದ್ದಾಗ ನಾನು ಆ ಗೊಂಚಲು ಅಗೆದು, ಒಂದೊಂದೇ ಗಡ್ಡೆ ಲಟಕ್ಕನೆ ಮುರಿದೆ. ಹನ್ನೊಂದು ಗಡ್ಡೆ, ಹನ್ನೊಂದು ಗಿಡ ಅಂತ ಲೆಕ್ಕ. ನಡುವೆ ಉಳಿದ ಒಣಗಿದ ಕಾಂಡದ ಬುಡವನ್ನು ಗೊಬ್ಬರಗುಂಡಿಗೆ ಎಸೆದೆ.

ಎಸೆಯಬಾರದಿದ್ದದ್ದು ಅದೊಂದೇ! ಆಲೂಗಡ್ಡೆ ಅಂದರೆ ದಪ್ಪಗಾದ ಕಾಂಡ, ಮೈತುಂಬ ಕಣ್ಣು, ಅಂದರೆ ಚಿಗುರು ಒಡೆಯುವ ಜಾಗ. ಡೇರೆ ಗಡ್ಡೆ ದಪ್ಪಗಾದ ಬೇರು, ಮೈಮೇಲೆ ಒಂದು ಕಣ್ಣೂ ಇಲ್ಲ. ಕಣ್ಣಿರುವುದು ಗಡ್ಡೆಯ ಕುತ್ತಿಗೆ ಹಳೇ ಕಾಂಡಕ್ಕೆ ಅಂಟಿಕೊಳ್ಳುವ ಜಾಗದಲ್ಲಿ ಮಾತ್ರ. ಅಲ್ಲಿಂದ ಕಣ್ಣಿರುವ ಒಂದು ಚೂರಾದರೂ ಗಡ್ಡೆಯ ಜೊತೆ ಬರಬೇಕು. ಬರದಿದ್ದರೆ ಗಡ್ಡೆ ತಿಂಗಳುಗಟ್ಟಲೆ ಗಟ್ಟಿಯಾಗಿರುತ್ತದೆ, ಸಣ್ಣ ಬೇರನ್ನೂ ಬಿಡಬಹುದು, ಚಿಗುರು ಮಾತ್ರ ಬರುವುದಿಲ್ಲ. ನಾನೂ ಆಷಾಢದ ತನಕ ಕಾದೆ, ಸಗಣಿ ನೀರು ಹೊಯ್ದೆ, ದಿನಾ ಕೆದಕಿ ನೋಡಿದೆ. ಅತ್ತೆ ಬಂದು ಒಂದನ್ನು ಕಿತ್ತು ತಿರುಗಿಸಿ ನೋಡಿ, "ಇದರ ತಲೆ ಎಲ್ಲಿ ಇಟ್ಟಿದ್ಯೇ ಮಾರಾಯ್ತಿ?" ಅಂದರು.

ನಿಮ್ಮದನ್ನೂ ಒಂದು ಕಿತ್ತು ನೋಡಿ. ತಲೆ ಬೋಳಾಗಿದ್ದರೆ ಎಸೆಯಿರಿ, ಕುಂಡವಾದರೂ ಖಾಲಿಯಾಗುತ್ತದೆ.

ಹೇಗೆ ಬಿಡಿಸಬೇಕು ಅಂತ ಬೇರೆ ಕೇಳಿದ್ದೀರಿ. ಬಿಡಿಸಲೇಬೇಡಿ ಅಂತೀನಿ. ಮಳೆಗಾಲಕ್ಕೆ ಮುಂಚೆ ಇಡೀ ಗೊಂಚಲನ್ನು ಸ್ವಲ್ಪ ತೇವದ ಮರಳಿನಲ್ಲಿ, ಕಾಂಡದ ಬುಡ ಮೇಲೆ ಕಾಣುವ ಹಾಗೆ ಇಡಿ. ಚಿಗುರು ಮೂರ್ನಾಲ್ಕು ಇಂಚು ಬಂದಾಗ ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳಿಗೆ ಚುಚ್ಚಿ ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಕತ್ತರಿಸುವಾಗ ಬುಡದಲ್ಲಿ ಒಂದು ಜೊತೆ ಎಲೆ ಉಳಿಸಿದರೆ ಅಲ್ಲಿಂದ ಮತ್ತೆ ಚಿಗುರುತ್ತದೆ. ಬೀಜದ ಆಸೆ ಬಿಡಿ, ತಾಯಿಯ ಬಣ್ಣವೇ ಬರುತ್ತದೆ ಅನ್ನೋ ನಂಬಿಕೆ ಇಲ್ಲ. ಮತ್ತೆ, ನೀರು ನಿಲ್ಲುವ ಜಾಗ ಬೇಡವೇ ಬೇಡ. ನಾವು ಏರುಮಡಿ ಮಾಡಿಯೇ ನೆಡುವುದು.

ಆ ಕಡುಗೆಂಪು ನಾಲ್ಕು ವರ್ಷದ ಮೇಲೆ ಅತ್ತೆಯ ತವರೂರಲ್ಲೇ ಒಬ್ಬರ ಮನೆಯಲ್ಲಿ ಸಿಕ್ಕಿತು. ಎರಡು ಕುಡಿ ಕೇಳಿ ಕತ್ತರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಅತ್ತೆ ಎರಡನ್ನೂ ತಾವೇ ನೆಟ್ಟರು. ನನ್ನನ್ನು ಮುಟ್ಟಲು ಬಿಡಲಿಲ್ಲ.