ಶಿನ್ ಗಟ್ಟಿ ಆಗ್ಬೇಕಂದ್ರ ಬಾಟ್ಲಿ ಉಜ್ಜಬೇಕೇನು?

ಶಿನ್ ಅಂದ್ರ ಮೊಣಕಾಲ ಕೆಳಗಿನ ಮುಂದಿನ ಎಲುಬು, ಅದಕ್ಕ ಬಾಟ್ಲಿ ಇಲ್ಲಾ ಲಟ್ಟಣಿಗಿ ಉಜ್ಜಿದ್ರ ಕಿಕ್ ಹೊಡೆಯೋವಾಗ ನೋವಾಗಂಗಿಲ್ಲಂತಾರ, ಖರೇನ ಅಂತ ಕೇಳೀರಿ. ದಯವಿಟ್ಟು ಹಂಗ ಮಾಡಬ್ಯಾಡ್ರಿ. ಅಲ್ಲಿ ಚರ್ಮದ ಕೆಳಗ ಮಾಂಸನ ಇಲ್ಲ, ಸೀದಾ ಎಲುಬು, ಉಜ್ಜಿದ್ರ ಅದರ ಮ್ಯಾಲಿನ ತೆಳು ಪೊರಿ ಜಜ್ಜಿ ಬಾವು ಬರ್ತದ, ಅಷ್ಟ.

ಎಲುಬು ಗಟ್ಟಿ ಆಗೋದು ಮ್ಯಾಲಿಂದ ಮ್ಯಾಲ ಭಾರ ಬಿದ್ದು, ನಡುವ ಅದಕ್ಕ ರೆಸ್ಟ್ ಸಿಕ್ಕಾಗ. ಜರ್ಮನಿಯ ಸರ್ಜನ್ ಜೂಲಿಯಸ್ ವೂಲ್ಫ್ ಭಾರಕ್ಕ ತಕ್ಕಂಗ ಎಲುಬು ಬದಲಾಗ್ತದಂತ 1892ರಾಗನ ಬರದಿಟ್ಟಾನ. ತಿಂಗಳುಗಟ್ಟಲೆ ಬೇಕು, ಅವಸರ ನಡಿಯಂಗಿಲ್ಲ. ಮುವಾಯ್ ಥಾಯ್ (ಥೈಲ್ಯಾಂಡಿನ ಕಿಕ್ ಬಾಕ್ಸಿಂಗ್) ಮಂದಿ ಮಾಡೋದೂ ಹೆವಿ ಬ್ಯಾಗಿಗೆ (ತೂಗಹಾಕಿದ ಭಾರದ ಚೀಲಕ್ಕ) ದಿನಾ ಕಿಕ್ ಹೊಡೆಯೋದ, ನೀವು ವಾರಕ್ಕ ಎರಡ್ಮೂರು ದಿನ, ಒಂದೊಂದು ಕಾಲಿಗೆ 30-40ರಿಂದ ಸುರು ಮಾಡ್ರಿ ಸಾಕು.

ಬ್ಯಾಗ್ ಮಾತ್ರ ನೋಡಿ ಆರಿಸ್ರಿ. ನಾ ಹುಬ್ಬಳ್ಳ್ಯಾಗ ಕಲಿಯೋವಾಗ ಉಸುಕು ತುಂಬಿದ ಹಳೇ ಬ್ಯಾಗ್ ಇತ್ತು, ಉಸುಕೆಲ್ಲಾ ತಳಕ್ಕ ಇಳದು ಕಲ್ಲಾಗಿತ್ತು, ಅಲ್ಲೇ ತಳಕ್ಕ ಲೋ ಕಿಕ್ ಹೊಡದು ಹದಿನೈದು ದಿನ ಕುಂಟಿದೆ, ಆಮ್ಯಾಲ ಟೇಲರ್ ಅಂಗಡಿ ಚಿಂದಿ ಒತ್ತೊತ್ತಿ ತುಂಬಿದ್ವಿ, ಭಾಳ ಚಲೋ ಆತು.

ಮತ್ತ ಶಿನ್ ಎಷ್ಟ ಗಟ್ಟಿ ಇದ್ರೂ ಎದುರಾಳಿ ಮೊಣಕಾಲಿಗೆ ಬಡದ್ರ ಮುರೀಬಹುದು. 2013ರಾಗ ಒಂದು ಪಂದ್ಯದಾಗ ಫೈಟರ್ ವೈಡ್‌ಮನ್ ಕಾಲಿಗೆ ಬಡದು ಅವನ ಎದುರಾಳಿ ಆಂಡರ್ಸನ್ ಸಿಲ್ವಾನ ಕಾಲು ಮುರೀತು, 2021ರಾಗ ಅದ ವೈಡ್‌ಮನ್‌ದೂ ಹಂಗ ಮುರೀತು. ಸ್ಪಾರಿಂಗಿಗೆ (ಜೋಡಿ ಕೂಡ ಮಾಡೋ ಅಭ್ಯಾಸದ ಕಾದಾಟಕ್ಕ) ಶಿನ್ ಗಾರ್ಡ್ ಹಾಕ್ರಿ. ಬಟ್ಟಿಟ್ಟು ತೋರ್ಸೋವಂಗ ಒಂದ ಕಡೆ ನೋವು, ರಾತ್ರಿ ಮಲಗಿದಾಗೂ ಇದ್ರ ಕಿಕ್ ಬಂದ್ ಮಾಡಿ ಡಾಕ್ಟರ್‌ಗೆ ತೋರ್ಸ್ರಿ, ಎಲುಬಿನ್ಯಾಗ ಸಣ್ಣ ಬಿರುಕು ಇರಬಹುದು.