ಹೊರಗೆ ಹಾಕಿಸಿದ ಕಾರ್ ಅಲಾರಂ ಸುಮ್ಮಸುಮ್ಮನೆ ಕೂಗುತ್ತೆ, ಬ್ಯಾಟರಿ ಇಳಿಸುತ್ತೆ, ಒಮ್ಮೊಮ್ಮೆ ಕಾರ್ ಸ್ಟಾರ್ಟೇ ಆಗಲ್ಲ. ವೈರಿಂಗ್ ನಾನೇ ಬಿಚ್ಚಿ ಸರಿ ಮಾಡಬಹುದಾ?

ಮಾಡಬಹುದು. ಕೈಯಲ್ಲಿ ಮಲ್ಟಿಮೀಟರ್, ಜೊತೆಗೆ ಆತುರವಿಲ್ಲದ ಒಂದು ದಿನ ಬೇಕು. ನೀವು ಹೇಳಿದ ತೊಂದರೆಗಳು ಮೂರು: ರಾತ್ರಿ ಸೈರನ್ ತಾನಾಗಿಯೇ ಕೂಗುವುದು, ಒಂದು ವಾರ ನಿಲ್ಲಿಸಿದರೆ ಬ್ಯಾಟರಿ ಸತ್ತಿರುವುದು, ಒಮ್ಮೊಮ್ಮೆ ಕೀ ತಿರುಗಿಸಿದರೆ ಬರೀ ‘ಟಕ್’ ಅಂದು ಸುಮ್ಮನಾಗುವುದು. ಇಂಥದ್ದಕ್ಕೆ ಅಲಾರಂ ಪೆಟ್ಟಿಗೆಯೇ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಅದನ್ನು ಕಾರಿಗೆ ಸೇರಿಸಿದ ಜಾಯಿಂಟುಗಳು. ಹೊಸ ಅಲಾರಂ ತಂದು ಅದೇ ಹಳೆಯ ತಂತಿಗಳಿಗೆ ಸಿಕ್ಕಿಸಿದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಕಾರನ್ನು ಕಂಪನಿಯಿಂದ ಬಂದ ಸ್ಥಿತಿಗೆ ತನ್ನಿ, ಅಲಾರಂ ಇಲ್ಲದೆ ಅದು ಸರಿಯಾಗಿದೆ ಎಂದು ಖಚಿತಪಡಿಸಿಕೊಳ್ಳಿ, ಆಮೇಲೆ ಒಂದೊಂದೇ ತಂತಿ ಕೊಡುತ್ತಾ ಬನ್ನಿ.

ಕೈ ಹಾಕಬಾರದ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹಳದಿ ಕನೆಕ್ಟರ್ ಅಥವಾ ಹಳದಿ ಸ್ಲೀವ್ ಇರುವ ತಂತಿ ಏರ್‌ಬ್ಯಾಗಿನದು. ಅದನ್ನು ಬಿಚ್ಚುವುದೂ ಬೇಡ, ಅದರ ಮೇಲೆ ಮೀಟರ್ ಇಡುವುದೂ ಬೇಡ. ಸ್ಟೇರಿಂಗ್ ಕೆಳಗೆ ಕೆಲಸ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ. ಒಂದಕ್ಕೊಂದು ಹೊಸೆದುಕೊಂಡು ಹೋಗುವ ಎರಡು ಸಣ್ಣ ತಂತಿಗಳು ಕಂಡರೆ ಅದು ಬಹುಮಟ್ಟಿಗೆ ಕ್ಯಾನ್ ಲೈನ್, ಅಂದರೆ ಕಾರಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡುವ ತಂತಿ, ಅದರಿಂದ ಏನನ್ನೂ ಎಳೆಯಬಾರದು. ಬಟನ್ ಸ್ಟಾರ್ಟ್ ಕಾರಾದರೆ ಸ್ಟಾರ್ಟರ್ ಕಡಿತದ ಭಾಗವನ್ನು (ಅಲಾರಂ ಆನ್ ಇರುವಾಗ ಸ್ಟಾರ್ಟರ್ ತಿರುಗದಂತೆ ತಡೆಯುವ ಜೋಡಣೆ) ಪೂರ್ತಿ ಬಿಟ್ಟುಬಿಡಿ. ಕೀಯಲ್ಲೇ ಚಿಪ್ ಇರುವ ಕಾರುಗಳಿಗೂ ಅದರ ಅಗತ್ಯ ಅಷ್ಟಾಗಿ ಇಲ್ಲ. ಇನ್ನು ಬಲ್ಬ್ ಇರುವ ಹಳೆಯ ಟೆಸ್ಟ್ ಲ್ಯಾಂಪ್: ಅದು ಎಳೆಯುವ ಕರೆಂಟು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಲೈನನ್ನು ಸುಡಬಹುದು. ಎಲ್ಲ ಅಳತೆಗೂ ಮೀಟರೇ ಇರಲಿ.

ಬಿಚ್ಚುವ ಮೊದಲು ಅಳೆಯಿರಿ, ಇಲ್ಲದಿದ್ದರೆ ಯಾವುದು ಕಾರಣವಾಗಿತ್ತು ಎಂದು ಕೊನೆಗೂ ತಿಳಿಯುವುದಿಲ್ಲ. ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ, ಕೆಂಪು ಪ್ರೋಬಿನ ಪಿನ್ನನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿ ನೆಗೆಟಿವ್‌ಗೂ ಬಿಚ್ಚಿದ ಕೇಬಲ್‌ಗೂ ಮಧ್ಯೆ ಸೇರಿಸಿ. ಬಾನೆಟ್ ಮುಚ್ಚಿದೆ ಎಂದು ಅಲಾರಂ ತಿಳಿಯುವಂತೆ ಬಾನೆಟ್ ಸ್ವಿಚ್ಚನ್ನು ಒತ್ತಿ ಟೇಪಿನಿಂದ ಕಟ್ಟಿ, ಬಾಗಿಲು ಮುಚ್ಚಿ, ಅಲಾರಂ ಆನ್ ಮಾಡಿ ಅರ್ಧ ಗಂಟೆ ಬಿಡಿ. ಮೀಟರ್ ಮಧ್ಯೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಎಲ್ಲವೂ ನಿದ್ದೆಗೆ ಹೋದ ಮೇಲೆ 50 ಮಿಲಿಆಂಪಿಯರ್ ಒಳಗೆ ಬಂದರೆ ಸರಿ. ಇಲ್ಲಿ ಅಲಾರಂ ಆನ್ ಮಾಡಿ ಅಳೆಯುವುದು ಬಹಳ ಮುಖ್ಯ. ಗ್ಯಾರೇಜಿನಲ್ಲಿ ಆಫ್ ಇಟ್ಟು ಅಳೆದು ‘ಏನೂ ಇಲ್ಲ ಸಾರ್’ ಎಂದು ಕಳಿಸುತ್ತಾರೆ. ನಿಮ್ಮ ಸೋರಿಕೆ ಇರುವುದೇ ಅಲಾರಂ ಆನ್ ಇರುವಾಗ ಇರಬಹುದು. ಯಾಕೆ ಎಂಬುದನ್ನು ಕೆಳಗೆ ರಿಲೇ (ಕರೆಂಟು ಕೊಟ್ಟಾಗ ತಾನೇ ಬದಲಾಗುವ ಸ್ವಿಚ್) ಬಂದಾಗ ಹೇಳುತ್ತೇನೆ.

‘ಟಕ್’ ತೊಂದರೆಗೆ ಇನ್ನೊಂದು ಅಳತೆ. ಸ್ಟೇರಿಂಗ್ ಕೆಳಗೆ ಕೀ ಸ್ವಿಚ್ಚಿನಿಂದ ಬರುವ ದಪ್ಪ ತಂತಿಯೊಂದನ್ನು ಕಡಿದು ಅಲಾರಂ ರಿಲೇಗೆ ಕೊಟ್ಟಿರುತ್ತಾರೆ. ಆ ಕಡಿತದ ಎರಡು ತುದಿಗಳಿಗೆ ಮೀಟರನ್ನು ಡಿಸಿ ವೋಲ್ಟಿನಲ್ಲಿ ಇಟ್ಟು ಒಬ್ಬರಿಂದ ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ಬಂದರೆ ಜಾಯಿಂಟ್ ಚೆನ್ನಾಗಿದೆ. 1 ವೋಲ್ಟ್ ದಾಟಿದರೆ ಸ್ಟಾರ್ಟರಿಗೆ ಹೋಗಬೇಕಾದ ಬಲ ಅಲ್ಲೇ ಬಿಸಿಯಾಗಿ ಹೋಗುತ್ತಿದೆ. ಹೆಚ್ಚಾಗಿ ಸಿಗುವುದು ಇಂಥದ್ದು: 2.5 ಚದರ ಮಿಲಿಮೀಟರ್ ತಂತಿಯನ್ನು ಕಡಿದು, ಮಧ್ಯೆ 0.5ರ ತಂತಿ ಹೊಸೆದು, ಮೇಲೆ ಟೇಪು ಸುತ್ತಿರುತ್ತಾರೆ. ಬೇಸಿಗೆಯ ಬಿಸಿಗೆ ಆ ಟೇಪಿನ ಅಂಟು ಕರಗಿ ಕೈಗೆಲ್ಲ ಮೆತ್ತುತ್ತದೆ, ಟೇಪು ಸಡಿಲವಾಗಿ ಜಾರಿರುತ್ತದೆ, ಒಳಗಿನ ತಾಮ್ರ ಕಪ್ಪಾಗಿರುತ್ತದೆ.

ಬಿಚ್ಚುವಾಗ ಮೊದಲು ಸರ್ವಿಸ್ ಬಟನ್ ಅಥವಾ ವ್ಯಾಲೆ ಸ್ವಿಚ್ (ಅಲಾರಮ್ಮನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಗುಂಡಿ) ಹುಡುಕಿ ಅಲಾರಮ್ಮನ್ನು ಮಲಗಿಸಿ. ಸೈರನ್ನಿನ ಒಳಗೇ ಬ್ಯಾಟರಿ ಇದ್ದರೆ ಅದರ ಸಣ್ಣ ಕೀ ಬೇಕಾಗುತ್ತದೆ, ಇಲ್ಲದಿದ್ದರೆ ಕಾರಿನ ಬ್ಯಾಟರಿ ಬಿಚ್ಚಿದ ಕೂಡಲೇ ಬೀದಿಗೆಲ್ಲ ಕೇಳಿಸುತ್ತದೆ. ಆಮೇಲೆ ಪೆಟ್ಟಿಗೆಯಿಂದ ಹೊರಡುವ ಒಂದೊಂದು ತಂತಿಯನ್ನೂ ಕೈಯಲ್ಲಿ ಹಿಡಿದು ಕೊನೆಯವರೆಗೆ ಹೋಗಿ, ಕಾಗದದ ಟೇಪಿನ ಮೇಲೆ ಹೆಸರು ಬರೆದು ಅಂಟಿಸಿ, ಫೋಟೋ ತೆಗೆಯಿರಿ. ಬಣ್ಣವನ್ನು ನಂಬಬೇಡಿ. ಕೆಂಪು ಎಂದರೆ ಬ್ಯಾಟರಿ, ಕಪ್ಪು ಎಂದರೆ ಅರ್ತ್ ಎನ್ನುವುದು ಪೆಟ್ಟಿಗೆಯ ಕಡೆಗೆ ಬಹುತೇಕ ನಿಜ, ಕಾರಿನ ಕಡೆಗೆ ಅಲ್ಲ.

ತಂತಿಗೆ ತಂತಿ ಸೇರಿಸಲು ಹಾಕಿದ ನೀಲಿ, ಕೆಂಪು ಪ್ಲಾಸ್ಟಿಕ್ ಕ್ಲಿಪ್ಪುಗಳು ಸಿಕ್ಕಿದಲ್ಲೆಲ್ಲ ತೆಗೆಯಿರಿ. ಒತ್ತಿದಾಗ ಒಳಗಿನ ತಗಡಿನ ಅಲಗು ಇನ್ಸುಲೇಷನ್ ಸೀಳಿ ತಾಮ್ರಕ್ಕೆ ಕಚ್ಚುತ್ತದೆ, ಹಾಗೆ ಕಚ್ಚುವಾಗ ಕೆಲವು ಎಳೆಗಳನ್ನೂ ಕತ್ತರಿಸುತ್ತದೆ. ಆ ಸೀಳಿನಲ್ಲಿ ತೇವ ಇಳಿದು ಹಸಿರು ಕಿಲುಬು ಕೂರುತ್ತದೆ. ಕಾರು ಗುಂಡಿಗೆ ಇಳಿದಾಗ ಸಂಪರ್ಕ ಒಂದು ಕ್ಷಣ ತಪ್ಪುತ್ತದೆ, ಮತ್ತೆ ಬರುತ್ತದೆ. ಬಾಗಿಲ ತಂತಿಯ ಮೇಲೆ ಹೀಗಾದರೆ ಸುಳ್ಳು ಅಲಾರಂ, ಇಗ್ನಿಷನ್ ತಂತಿಯ ಮೇಲಾದರೆ ಇನ್ನೂ ಕೆಟ್ಟದ್ದು. ಕ್ಲಿಪ್ ತೆಗೆದ ಜಾಗದಲ್ಲಿ ಎಳೆಗಳು ಕಡಿದಿದ್ದರೆ ಬೆಸೆದು, ಬಟ್ಟೆಯ ಹಾರ್ನೆಸ್ ಟೇಪು ಸುತ್ತಿ. ಕಡಿದ ಸ್ಟಾರ್ಟರ್ ತಂತಿಯನ್ನು ತಾತ್ಕಾಲಿಕವಾಗಿ ನೇರ ಜೋಡಿಸಿ, ಕೆಲವು ದಿನ ಅಲಾರಂ ಇಲ್ಲದೆ ಓಡಿಸಿ. ಈಗಲೂ ಬ್ಯಾಟರಿ ಇಳಿಯುತ್ತಿದ್ದರೆ ದೋಷ ಬೇರೆ ಕಡೆ ಇದೆ. ಅಲಾರಂ ಮೇಲಿನ ಸಿಟ್ಟು ಬಿಟ್ಟು ಬ್ಯಾಟರಿ, ಆಲ್ಟರ್ನೇಟರ್ ನೋಡಿ. ಎಂಜಿನ್ ನಿಂತು ಕೆಲವು ಗಂಟೆ ಆದ ಮೇಲೆ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4.

ಈಗ ಹೊಸ ಜಾಯಿಂಟ್ ಹೇಗೆ ಹಾಕುವುದು. ಕಾರಿನ ತಂತಿಯನ್ನು ಕಡಿಯಬೇಡಿ. ವೈರ್ ಸ್ಟ್ರಿಪ್ಪರಿನಿಂದ ಮಧ್ಯದಲ್ಲಿ ಒಂದು ಸೆಂಟಿಮೀಟರ್ ಇನ್ಸುಲೇಷನ್ ಮಾತ್ರ ಸರಿಸಿ. ದಬ್ಬಳದ ತುದಿಯಿಂದ ಎಳೆಗಳನ್ನು ಎರಡು ಪಾಲಾಗಿ ಬಿಡಿಸಿದರೆ ಮಧ್ಯೆ ಸಣ್ಣ ಕಣ್ಣು ಬೀಳುತ್ತದೆ. ಅಲಾರಂ ತಂತಿಯ ಬರಿ ತುದಿಯನ್ನು ಅದರೊಳಗೆ ತೂರಿಸಿ, ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಬೆಸೆಯಿರಿ. ಸಾಲ್ಡರಿಂಗ್ ಐರನ್ನನ್ನು ತಾಮ್ರಕ್ಕೆ ತಾಗಿಸಿ, ಸೀಸವನ್ನು (ಸಾಲ್ಡರ್) ಐರನ್ನಿಗಲ್ಲ, ಕಾದ ತಾಮ್ರಕ್ಕೆ ಮುಟ್ಟಿಸಿ. ಒಳಗೆ ರಾಳ ತುಂಬಿದ ರೋಸಿನ್ ಕೋರ್ ಸೀಸವೇ ಇರಲಿ, ಆಸಿಡ್ ಫ್ಲಕ್ಸ್ ತಂತಿಯನ್ನು ತಿನ್ನುತ್ತದೆ. ಕಡಿಯದ ತಂತಿಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಲು ಆಗುವುದಿಲ್ಲ, ಅಲ್ಲಿ ಬಟ್ಟೆ ಟೇಪೇ ಗತಿ. ಸುತ್ತಿದ ಮೇಲೆ ಹತ್ತಿರದಲ್ಲೇ ಕಾರಿನ ಹಾರ್ನೆಸ್‌ಗೆ ಟೈ ಹಾಕಿ ಅಲುಗದಂತೆ ಮಾಡಿ. ಬೆಸುಗೆ ಎಳೆಗಳ ಉದ್ದಕ್ಕೂ ಹರಿದು ತಂತಿಯನ್ನು ಪೆಡಸು ಮಾಡಿರುತ್ತದೆ. ಅಲುಗಾಟ ಇದ್ದರೆ ಪೆಡಸು ಮುಗಿಯುವ ಅಂಚಿನಲ್ಲೇ ಮುರಿಯುವುದು. ಬಾನೆಟ್ ಒಳಗೆ, ಎಂಜಿನ್ ನಡುಕ ಇರುವಲ್ಲಿ ನಾನು ಬೆಸುಗೆ ಬಿಟ್ಟು ಒಳ್ಳೆಯ ಕ್ರಿಂಪನ್ನೇ (ಇಕ್ಕಳದಿಂದ ಒತ್ತಿ ಕೂರಿಸುವ ಲೋಹದ ತೋಳು) ಹಾಕುತ್ತೇನೆ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್.

ಮೊದಲ ತಂತಿ ಅರ್ತ್. ಬಾಡಿಯ ಲೋಹದ ಮೇಲೆ ಇರುವ ಬೋಲ್ಟ್ ಹುಡುಕಿ, ಬಣ್ಣ ಕೆರೆದು, ತಂತಿಯ ತುದಿಗೆ ರಿಂಗ್ ಲಗ್ (ಉಂಗುರದ ಟರ್ಮಿನಲ್) ಹಾಕಿ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಪ್ಲಾಸ್ಟಿಕ್ ಪ್ಯಾನಲ್ ಹಿಡಿದಿರುವ ಸ್ಕ್ರೂಗೆ ಕೊಟ್ಟ ಅರ್ತ್ ಅರ್ತೇ ಅಲ್ಲ. ಏರ್‌ಬ್ಯಾಗಿನ ಅರ್ತ್ ಬೋಲ್ಟನ್ನೂ ಹಂಚಿಕೊಳ್ಳಬೇಡಿ. ಸೈರನ್ ಕೂಗುವಾಗ ಈ ಜಾಗಕ್ಕೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಬರಬಾರದು.

ಎರಡನೆಯದು ಬ್ಯಾಟರಿ ಪ್ಲಸ್. 1.5 ಚದರ ಮಿಲಿಮೀಟರ್ ತಂತಿ, 15 ಆಂಪಿಯರ್ ಫ್ಯೂಸ್. ಫ್ಯೂಸ್ ಇರಬೇಕಾದದ್ದು ಪೆಟ್ಟಿಗೆಯ ಹತ್ತಿರ ಅಲ್ಲ, ಕರೆಂಟು ಎತ್ತಿಕೊಳ್ಳುವ ಜಾಗದಿಂದ ಒಂದು ಗೇಣಿನ ಒಳಗೆ. ಅದು ಕಾಯುವುದು ತಂತಿಯನ್ನು. ಇಂಡಿಕೇಟರ್ ಬೆಳಗಿಸುವುದಕ್ಕೇ ಒಂದು ಬದಿಗೆ 21 ವ್ಯಾಟಿನ ಎರಡು ಬಲ್ಬು, 5 ವ್ಯಾಟಿನ ಒಂದು, ಸೇರಿ 47 ವ್ಯಾಟ್, ಸುಮಾರು 4 ಆಂಪಿಯರ್ ಬೇಕು. ಎರಡೂ ಬದಿಗೆ 8. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯೂ ಮಿನುಗುತ್ತಿದ್ದರೆ ಒಂದೇ ತಂತಿಯನ್ನು ಎರಡೂ ಬದಿಗೆ ಕೊಟ್ಟಿದ್ದಾರೆ ಎಂದರ್ಥ. ಅಲಾರಂನಲ್ಲಿ ಎರಡು ಇಂಡಿಕೇಟರ್ ತಂತಿ ಇದ್ದರೆ ಬೇರೆ ಬೇರೆ ಕೊಡಿ. ಒಂದೇ ಇದ್ದರೆ ಬದಿಗೊಂದು 6ಎ10 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಅದರ ಮೇಲಿನ ಗೆರೆ ಬಲ್ಬಿನ ಕಡೆಗೆ. 1ಎನ್4007 ಹಾಕಿ ಸುಡಿಸಿಕೊಳ್ಳಬೇಡಿ, ಅದು 1 ಆಂಪಿಯರಿನದು.

ಇಗ್ನಿಷನ್ ತಂತಿಯಲ್ಲಿ ಎಡವುವವರೇ ಹೆಚ್ಚು. ಕೀ ಆನ್ ಸ್ಥಾನದಲ್ಲಿ 12 ವೋಲ್ಟ್ ಬಂತು ಎಂದು ಅಲ್ಲಿಂದಲೇ ತಂತಿ ಎಳೆದುಬಿಡುತ್ತಾರೆ, ಅದು ರೇಡಿಯೊ ಲೈನ್ ಆಗಿರುತ್ತದೆ. ಸೆಲ್ಫ್ ಹೊಡೆಯುವಾಗ ರೇಡಿಯೊ ಲೈನ್ ಸೊನ್ನೆಗೆ ಇಳಿಯುತ್ತದೆ. ಆ ಕ್ಷಣ ಅಲಾರಂ ‘ಕೀ ತೆಗೆದರು’ ಎಂದು ತಿಳಿದುಕೊಳ್ಳುತ್ತದೆ. ನಿಜವಾದ ಇಗ್ನಿಷನ್ ತಂತಿ ಕೀ ಆನ್‌ನಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ತೋರಿಸುತ್ತದೆ, ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗೆ ಇಳಿದರೂ ಉಳಿದಿರುತ್ತದೆ, ಕೀ ತೆಗೆದರೆ ಸೊನ್ನೆ. ಮೂರನ್ನೂ ನೋಡದೆ ತಂತಿಗೆ ಸ್ಟ್ರಿಪ್ಪರ್ ಹಾಕಬೇಡಿ.

ಬಾಗಿಲ ತಂತಿ ಬಹಳಷ್ಟು ಕಾರುಗಳಲ್ಲಿ ನೆಗೆಟಿವ್: ಬಾಗಿಲು ತೆರೆದರೆ 0 ವೋಲ್ಟ್, ಮುಚ್ಚಿದರೆ ಏರುತ್ತದೆ. ಒಳಗಿನ ದೀಪ ನಿಧಾನವಾಗಿ ಆರುವ ಕಾರಿನಲ್ಲಿ ದೀಪದ ತಂತಿಯಿಂದ ಎತ್ತಿಕೊಂಡರೆ ಅಲಾರಂ ಆನ್ ಆಗುವಾಗ ಬಾಗಿಲು ಇನ್ನೂ ತೆರೆದಿದೆ ಎನಿಸುತ್ತದೆ. ಆಗ ಪ್ರತಿ ಬಾಗಿಲ ಸ್ವಿಚ್ಚಿನಿಂದ ಒಂದೊಂದು 1ಎನ್4007 ಮೂಲಕ ತನ್ನಿ, ಗೆರೆ ಸ್ವಿಚ್ಚಿನ ಕಡೆಗೆ. ಇಲ್ಲಿ ಕರೆಂಟು ತೀರ ಕಡಿಮೆ, ಆ ಡಯೋಡ್ ಸಾಕು.

ರಾತ್ರಿಯ ಕೂಗಾಟಕ್ಕೆ ಬಾಗಿಲ ತಂತಿಯ ಜೊತೆ ಇನ್ನಿಬ್ಬರು ಆರೋಪಿಗಳು. ಬಾನೆಟ್ ಸ್ವಿಚ್ ತುಕ್ಕು ಹಿಡಿದು ಇಬ್ಬನಿಯ ತೇವಕ್ಕೆ ಅರ್ತ್ ಆಗುತ್ತದೆ, ಹೊಸದು ಹಾಕಿ. ಶಾಕ್ ಸೆನ್ಸರ್ ತಂತಿಯಲ್ಲಿ ಜೋತಾಡುತ್ತಿದ್ದರೆ ಲೋಹದ ಪಟ್ಟಿಗೆ ಎರಡು ಸ್ಕ್ರೂ ಹಾಕಿ ಕೂರಿಸಿ, ಸೂಕ್ಷ್ಮತೆಯನ್ನು ಕನಿಷ್ಠಕ್ಕೆ ಇಳಿಸಿ ಅಲ್ಲಿಂದ ಸ್ವಲ್ಪ ಸ್ವಲ್ಪ ಏರಿಸಿ. ಯಾರು ಎಂದು ತಿಳಿಯದಿದ್ದರೆ ಒಂದು ರಾತ್ರಿ ಸೆನ್ಸರ್ ಪ್ಲಗ್ ಬಿಚ್ಚಿಡಿ, ಮರು ರಾತ್ರಿ ಬಾನೆಟ್ ತಂತಿ. ಸೈರನ್ನಿನ ಬಾಯಿ ಕೆಳಮುಖವಾಗಿರಲಿ, ಸೈಲೆನ್ಸರ್ ಕೊಳವೆಯಿಂದ ದೂರವಿರಲಿ. ಅದರ ತಂತಿಯನ್ನು ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ (ತಗಡಿನ ತೂತಿಗೆ ಕೂರಿಸಿದ ರಬ್ಬರ್ ಬಳೆ) ಮೂಲಕವೇ ಒಳಗೆ ತನ್ನಿ. ಬರಿ ತಗಡಿನ ತೂತಿನಲ್ಲಿ ತೂರಿಸಿದರೆ ಅಂಚು ಇನ್ಸುಲೇಷನ್ನನ್ನು ಕೊಯ್ಯುತ್ತದೆ.

ಕೊನೆಗೆ ರಿಲೇ. ಅಲಾರಮ್ಮಿನಿಂದ ಕಡಿಯುವುದು ಸ್ಟಾರ್ಟರನ್ನು ಮಾತ್ರ. ಪೆಟ್ರೋಲ್ ಪಂಪು, ಇಗ್ನಿಷನ್ ಕಾಯಿಲ್ ಕಡಿಯುವ ಜೋಡಣೆ ಇದ್ದರೆ ತೆಗೆದುಹಾಕಿ. ಓಡುವಾಗ ರಿಲೇ ಕೈಕೊಟ್ಟರೆ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಕೂಡ ಹೋಗುತ್ತದೆ. 40 ಆಂಪಿಯರಿನ, ಐದು ಕಾಲಿನ ರಿಲೇ ತನ್ನಿ. ಇಲ್ಲಿ ಬರುವ ನಂಬರುಗಳು ಅದರ ಕಾಲುಗಳವು. ಸ್ಟಾರ್ಟರ್ ತಂತಿಯ ಕೀ ಕಡೆಯ ತುದಿ 30ಕ್ಕೆ, ಸ್ಟಾರ್ಟರ್ ಕಡೆಯ ತುದಿ 87ಎಗೆ, ಎರಡೂ 2.5 ಚದರ ಮಿಲಿಮೀಟರಿನ ತಂತಿಯಲ್ಲಿ. 87ಎ ರಿಲೇ ಸುಮ್ಮನಿರುವಾಗ ಕೂಡಿರುವ ಕಾಲು. ಅಂದರೆ ಅಲಾರಂ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ. 85ಕ್ಕೆ ಅಲಾರಂ ಆನ್ ಇರುವಾಗ ನೆಗೆಟಿವ್ ಕೊಡುವ ತಂತಿ. 86ಕ್ಕೆ ಇಗ್ನಿಷನ್ ಪ್ಲಸ್, ಬ್ಯಾಟರಿ ಪ್ಲಸ್ ಅಲ್ಲ. ನಿಮ್ಮ ಬ್ಯಾಟರಿ ಕುಡಿಯುತ್ತಿರುವುದು ಬಹುಶಃ ಇದೇ. 85, 86ರ ನಡುವೆ ಇರುವ ರಿಲೇಯ ಕಾಯಿಲ್ (ತಂತಿಯ ಸುರುಳಿ) ಸುಮಾರು 150 ಮಿಲಿಆಂಪಿಯರ್ ಎಳೆಯುತ್ತದೆ. 86ಕ್ಕೆ ನೇರ ಬ್ಯಾಟರಿ ಕೊಟ್ಟಿದ್ದರೆ ಅಲಾರಂ ಆನ್ ಇರುವಷ್ಟು ಹೊತ್ತೂ ಅದು ಎಳೆಯುತ್ತಲೇ ಇರುತ್ತದೆ: ದಿನಕ್ಕೆ 3.6 ಆಂಪಿಯರ್ ಅವರ್, ವಾರಕ್ಕೆ 25. 45 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಇಗ್ನಿಷನ್‌ನಿಂದ ಕೊಟ್ಟರೆ ಯಾರಾದರೂ ಕೀ ತಿರುಗಿಸಿದಾಗ ಮಾತ್ರ ಕಾಯಿಲ್ ಏಳುತ್ತದೆ, ಕಳ್ಳನಿಗೆ ಅಷ್ಟು ಸಾಕು. 85, 86ರ ನಡುವೆ ಒಂದು 1ಎನ್4007, ಗೆರೆ 86ರ ಕಡೆಗೆ. ಇಲ್ಲದಿದ್ದರೆ ಕಾಯಿಲ್ ಬಿಡುವಾಗ ಏಳುವ ಹೆಚ್ಚಿನ ವೋಲ್ಟು ಅಲಾರಮ್ಮಿನ ಟ್ರಾನ್ಸಿಸ್ಟರನ್ನು ಕೊಲ್ಲಬಹುದು.

ಪೆಟ್ಟಿಗೆಯನ್ನು ಪೆಡಲ್‌ಗಳಿಂದ, ಸ್ಟೇರಿಂಗ್ ಜಾಯಿಂಟಿನಿಂದ ದೂರ, ಕನೆಕ್ಟರ್ ಕೆಳಮುಖವಾಗಿ ಇರುವಂತೆ ಕಟ್ಟಿ. ಪೂರ್ತಿ ಕಟ್ಟಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಪೆಡಲ್‌ಗಳನ್ನು ತಳದವರೆಗೆ ಒತ್ತಿ ನೋಡಿ, ಏನೂ ತಾಗಬಾರದು.

ಪರೀಕ್ಷೆಗೆ ಡ್ರೈವರ್ ಕಿಟಕಿ ಇಳಿಸಿ, ಅಲಾರಂ ಆನ್ ಮಾಡಿ ಒಂದು ನಿಮಿಷ ಕಾದು, ಒಳಗೆ ಕೈ ಹಾಕಿ ಬಾಗಿಲು ತೆಗೆಯಿರಿ. ಸೈರನ್ ಕೂಗಬೇಕು, ಕೀ ತಿರುಗಿಸಿದರೆ ಸ್ಟಾರ್ಟರ್ ಅಲ್ಲಾಡಬಾರದು. ಆಮೇಲೆ ಅಲಾರಂ ಆಫ್ ಮಾಡಿ, ಅದರ ಫ್ಯೂಸನ್ನೇ ಕಿತ್ತು ಸೆಲ್ಫ್ ಹೊಡೆಯಿರಿ. ಕಾರು ಸ್ಟಾರ್ಟ್ ಆಗಬೇಕು. ಆಗದಿದ್ದರೆ ಕಾಯಿಲ್ ಎದ್ದಾಗ ಮಾತ್ರ ಕೂಡುವ 87ರ ಮೇಲೆ ಕೊಟ್ಟಿದ್ದೀರಿ, 87ಎಗೆ ಬದಲಿಸಿ.