ರಗ್ಬಿ ಕಾಮೆಂಟೇಟರ್ ಬಿಲ್ ಮೆಕ್‌ಲಾರೆನ್ 2010ರಲ್ಲೇ ತೀರಿಕೊಂಡರು. ಅಭಿಮಾನಿಗಳು ಅವರನ್ನು ಇನ್ನೂ ನೆನೆಯುವುದೇಕೆ?

ಅವರ ತಯಾರಿ, ಮತ್ತೆ ಯಾರನ್ನೂ ಹಂಗಿಸದ ಮಾತು. ಅಷ್ಟೇ.

ಸ್ಕಾಟ್ಲೆಂಡಿನ ಹಾಯಿಕ್ ಎಂಬ ಸಣ್ಣ ಊರಿನವರು. ಒಳ್ಳೆಯ ಆಟಗಾರರೇ, ಆದರೆ ಕ್ಷಯ ಬಂದು ಆಟ ನಿಂತಿತು. ಶಾಲೆಯಲ್ಲಿ ಪಿ.ಟಿ. ಮಾಸ್ತರಾಗಿದ್ದುಕೊಂಡೇ ಬಿಬಿಸಿಯಲ್ಲಿ ಮೈಕ್ ಹಿಡಿದರು. ಬಿಟ್ಟಿದ್ದು 2002ರಲ್ಲಿ. ಪ್ರತಿ ಪಂದ್ಯಕ್ಕೂ ದೊಡ್ಡ ಹಾಳೆಯ ಮೇಲೆ ಬಣ್ಣಬಣ್ಣದ ಶಾಯಿಯಲ್ಲಿ ಆಟಗಾರರ ವಿವರ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಬಳಕೆಯಾಗುತ್ತಿದ್ದುದು ಸ್ವಲ್ಪವೇ! ಜೇಬಲ್ಲಿ ಊರಿನ ಪೆಪ್ಪರಮಿಂಟು ಇಟ್ಟುಕೊಂಡು ಸಿಕ್ಕವರಿಗೆಲ್ಲ ಕೊಡುತ್ತಿದ್ದರು. ಅಳಿಯ ಆಲನ್ ಲಾಸನ್ ಸ್ಕಾಟ್ಲೆಂಡಿಗೆ ಆಡುವಾಗಲೂ ಪಕ್ಷ ವಹಿಸಿದವರಲ್ಲ. ಇದು ಸುಮ್ನೆ ಆಗುವ ಕೆಲಸ ಅಲ್ವಲ್ಲ.

ನಾನು ಕುಮಟಾ ಕಡೆಯವನು, ರಗ್ಬಿ ನೋಡಿದ್ದು ಟಿವಿಯಲ್ಲಿ ಮಾತ್ರ. ಆದರೆ ಈ ಪ್ರೀತಿ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ರಾತ್ರಿ ಕಬಡ್ಡಿಗೆ ಮೈಕ್ ಹಿಡಿಯುವ ಒಬ್ಬ ಮಾಸ್ತರಿದ್ದರು. ರೇಡಿಗೆ ಹೋದ ಹುಡುಗನ ಹೆಸರಷ್ಟೇ ಅಲ್ಲ, ಅವನಪ್ಪ ಯಾವ ದೋಣಿಗೆ ಹೋಗುತ್ತಾನೆ ಅನ್ನುವುದೂ ಅವರಿಗೆ ಗೊತ್ತು. ಔಟಾದವನಿಗೂ ಒಂದು ಒಳ್ಳೆಯ ಮಾತು ಇರುತ್ತಿತ್ತು. ಅವರು ಹೋದ ಮೇಲೂ, ಪಂದ್ಯ ಬಿಗಿಯಾದಾಗ ಹಿಂದಿನ ಸಾಲಲ್ಲಿ ಯಾರಾದರೊಬ್ಬರು ಅವರ ದನಿ ತೆಗೆಯುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ.